ಮೆಡಿಕಲ್ ಅಕ್ಕ ಮಾತ್ರೆ ಕೊಡದ ದಿನ

ಬಿ-ಕಾಂಪ್ಲೆಕ್ಸ್ ಮಾತ್ರೆಯ ವಾಸನೆಯೇ ಒಂದು ಥರ. ಹೋದ ವಾರ ಡಾಕ್ಟರು ಕೈ ಜೋಮಿಗೆ ಅಂತ ನನಗೆ ಅದನ್ನು ಬರೆದುಕೊಟ್ಟರು. ಡಬ್ಬಿಯ ಮುಚ್ಚಳ ತಿರುಗಿಸಿದ ಕೂಡಲೇ ಪುಟ್ಟೇನಹಳ್ಳಿಯ ಆ ಸಣ್ಣ ಅಂಗಡಿ, ಅದರ ಕೌಂಟರು, ಕೌಂಟರಿನ ಹಿಂದೆ ಕತ್ತರಿ ಹಿಡಿದು ನಿಂತಿರುತ್ತಿದ್ದ ಹೆಂಗಸು... ಎಲ್ಲ ಕಣ್ಣ ಮುಂದೆ ಬಂದವು.

ಅವರನ್ನು ಎಲ್ಲರೂ ಮೆಡಿಕಲ್ ಅಕ್ಕ ಅನ್ನುತ್ತಿದ್ದರು. ಫಾರ್ಮಸಿ ಓದಿದವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನನ್ನ ಮೋಟರ್ ವೈಂಡಿಂಗ್ ಅಂಗಡಿಗೂ ಅವರ ಅಂಗಡಿಗೂ ನಡುವೆ ಒಂದು ಬೇಕರಿ ಮಾತ್ರ ಇತ್ತು. ಹೆಂಗಸರ ಪ್ಯಾಡನ್ನು ಬೇರೆ ಅಂಗಡಿಯವರು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡುತ್ತಿದ್ದರು. ಇವರು ಹಾಗೇ ಕೈಗಿಡುತ್ತಿದ್ದರು. ಯಾರಾದರೂ ಕವರ್ ಕೇಳಿದರೆ, "ಯಾಕಮ್ಮ, ಕದ್ದ ಮಾಲಾ ಇದು?" ಅನ್ನುತ್ತಿದ್ದರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕನ್ನಡ ಪೇಪರ್ ದಿನಾ ಓದುತ್ತೇನೆ, ಇಂಗ್ಲಿಷ್ ಬರುವುದಿಲ್ಲ. ಆದರೆ ಜೆ.ಪಿ. ನಗರದಲ್ಲಿ ಎಂಜಿನಿಯರುಗಳು ಕೈಬಿಟ್ಟ ಪಂಪುಗಳು ನನ್ನ ಕೈಯಲ್ಲಿ ತಿರುಗಿವೆ. ಆ ಹೆಮ್ಮೆ ನನಗಿತ್ತು, ಈಗಲೂ ಇದೆ. ಗೊತ್ತಿಲ್ಲ ಅಂತ ಯಾರ ಮುಂದೆಯೂ ಹೇಳುವ ಅಭ್ಯಾಸ ಇರಲಿಲ್ಲ. ಮಾತ್ರೆಯ ಹಳೇ ಶೀಟಿನಲ್ಲಿ ಹೆಸರಿರುವ ತುಂಡನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ಅದನ್ನು ಕೌಂಟರಿನ ಮೇಲಿಟ್ಟು "ಇದೇ ಕೊಡಿ" ಅಂದರೆ ಮುಗಿಯಿತು, ಹೆಸರು ಓದಬೇಕಾಗಿರಲಿಲ್ಲ.

ಹಾಗೆ ತರುತ್ತಿದ್ದದ್ದು ನನ್ನ ಹೆಂಡತಿಗೆ, ಮುಟ್ಟಿನಲ್ಲಿ ರಕ್ತ ಹೋಗುವುದು ಕಡಿಮೆಯಾಗಲಿ ಎಂದು. ಆಗ ಅವಳಿಗೆ ನಲವತ್ತೊಂದು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ತಿಂಗಳಲ್ಲಿ ಒಂಬತ್ತು ಹತ್ತು ದಿನ ಮಿಷನ್ನಿನ ಸ್ಟೂಲಿನ ಮೇಲೆ ನನ್ನ ಹಳೇ ಲುಂಗಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಕೂರುತ್ತಿದ್ದಳು. ಯಾರೋ ಡಾಕ್ಟರು ಒಂದು ತಿಂಗಳಿಗೆ ಅಂತ ಬರೆದ ಮಾತ್ರೆಯನ್ನು ನಾನು ಎಂಟು ತಿಂಗಳು ತಂದೆ.

ಒಂಬತ್ತನೇ ಸಲ ಅಕ್ಕ ಆ ತುಂಡನ್ನು ನನ್ನ ಕಡೆಗೇ ತಳ್ಳಿದರು.

"ಈ ಸಲ ಕೊಡಲ್ಲ, ಮೋಟರ್ ಸಾವ್ಕಾರ್ರೇ. ಹೆಂಡ್ತೀನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ. ರಕ್ತ ಯಾಕ್ ಹೋಗ್ತಿದೆ ಅಂತ ಈ ಮಾತ್ರೆಗೆ ಗೊತ್ತಾಗಲ್ಲ."

ಹಿಂದೆ ನಾಲ್ಕು ಜನ ನಿಂತಿದ್ದರು. ನನಗೆ ಅವಮಾನವಾಯಿತು. "ಇದೊಂದೇ ಅಂಗಡಿ ಅಲ್ಲ" ಅಂದವನೇ ಗಾಡಿ ಹತ್ತಿ ಜಯನಗರಕ್ಕೆ ಹೋದೆ. ಅಲ್ಲೊಂದು ಅಂಗಡಿಯವನು ಮಾತಾಡದೆ ಕೊಟ್ಟ. ಎರಡು ತಿಂಗಳು ಅಕ್ಕನ ಅಂಗಡಿಯ ಮುಂದೆ ಬೇರೆ ಕಡೆ ನೋಡಿಕೊಂಡು ಓಡಾಡಿದೆ.

ಆಮೇಲೊಂದು ಮಧ್ಯಾಹ್ನ, ಮಹಡಿಗೆ ಬಟ್ಟೆ ಒಣಗಹಾಕಲು ಹೊರಟ ಹೆಂಡತಿ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಉಸಿರು ಸಾಲುತ್ತಿಲ್ಲ, ತುಟಿ ಬಿಳಿಚಿಕೊಂಡಿದೆ. ಏನು ಮಾಡುವುದೆಂದು ತೋಚಲಿಲ್ಲ... ಅಕ್ಕನ ಅಂಗಡಿಗೇ ಓಡಿದೆ. ಅವರು ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿ, ಶಟರ್ ಎಳೆದು ಬಂದರು. ಹೆಂಡತಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ. ನನ್ನನ್ನು ಬೈಯಲಿಲ್ಲ. "ಆಟೋ ಕರೀರಿ" ಅಂದರು, ಅಷ್ಟೆ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಕಬ್ಬಿಣಾಂಶದ ಡ್ರಿಪ್ ಹಾಕಿದರು. ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲಿ ಎರಡು ಗಡ್ಡೆ ಕಂಡವು. ಫೈಬ್ರಾಯ್ಡ್ ಅಂದರು, ಕ್ಯಾನ್ಸರ್ ಅಲ್ಲ ಅಂದರು. ನಮ್ಮ ಕಡೆ ಇದಕ್ಕೆ ಒಂದೇ ದಾರಿ. ನನ್ನ ತಂಗಿ, ಅತ್ತೆ, ಎದುರು ಮನೆಯವರು, ಎಲ್ಲರದೂ ಗರ್ಭಕೋಶ ತೆಗೆಸಿದ್ದಾಗಿತ್ತು. "ಮಕ್ಕಳಾಗಿದಾವಲ್ಲ, ಇನ್ಯಾಕಣ್ಣ ಅದು" ಅಂದಳು ತಂಗಿ. ನನಗೂ ಸರಿ ಅನ್ನಿಸಿತು. ಅಕ್ಕನ ಅಂಗಡಿಗೆ ಹೋಗಿ ಹೇಳಿದೆ.

"ತೆಗೆಸಿಬಿಡ್ತೀವಿ ಅಕ್ಕ. ಒಂದೇ ಸಲಕ್ಕೆ ಮುಗ್ದೋಗ್ಲಿ."

"ಯಾರ್ ತೀರ್ಮಾನ ಮಾಡಿದ್ದು?"

"ಮನೇವ್ರೆಲ್ಲಾ ಸೇರಿ."

"ಅವಳೂ ಸೇರಿದ್ಲಾ?"

ನಾನು ಬೇಕರಿಯ ಕಡೆ ನೋಡಿದೆ.

"ಮೋಟರ್ ನಿಂತೋಯ್ತು ಅಂತ ತಂದ್ರೆ ಬಿಚ್ಚಿ ನೋಡ್ದೇನೇ ಗುಜರಿಗೆ ಹಾಕ್ತೀರಾ ನೀವು?" ಅಂದು ಕತ್ತರಿ ಕೆಳಗಿಟ್ಟರು. "ತೆಗ್ಸೋದು ತಪ್ಪಲ್ಲ. ಕೆಲವರಿಗೆ ಅದೇ ಸರಿ. ನಂದೂ ತೆಗ್ದಾಗಿದೆ. ಆದ್ರೆ ಬೇರೆ ದಾರಿ ಇತ್ತು ಅಂತ ನಂಗ್ಯಾರೂ ಹೇಳ್ಲಿಲ್ಲ. ಇಷ್ಟು ಮಾತ್ರೆ ಮಧ್ಯ ನಿಂತ್ಕೊಂಡು ನಾನೂ ಕೇಳ್ಲಿಲ್ಲ..."

ಮಾತ್ರೆಯ ಖಾಲಿ ಪೆಟ್ಟಿಗೆಯೊಂದನ್ನು ಹರಿದು, ರಟ್ಟಿನ ಒಳಮೈಯಲ್ಲಿ ಬರೆಯತೊಡಗಿದರು. ಗಡ್ಡೆ ಗೋಡೆಯಲ್ಲಿದೆಯೋ, ಒಳಗೆ ಚಾಚಿಕೊಂಡಿದೆಯೋ? ಮಾತ್ರೆಯಲ್ಲೇ ನಿಭಾಯಿಸಬಹುದೇ? ಕಾಪರ್-ಟಿ ಥರದ, ಹಾರ್ಮೋನ್ ಇರುವ ಲೂಪ್ ಹಾಕಿದರೆ ಆಗುತ್ತದೆಯೇ? ಗಡ್ಡೆ ಮಾತ್ರ ತೆಗೆಯಲು ಬರುತ್ತದೆಯೇ? ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವ ಚಿಕಿತ್ಸೆ ಇವಳಿಗೆ ಹೊಂದುತ್ತದೆಯೇ? ಎಲ್ಲ ದುಂಡಗಿನ ಕನ್ನಡ ಅಕ್ಷರದಲ್ಲಿ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅವರಿಗೆ ನಾನು ಯಾವತ್ತೂ ಹೇಳಿರಲಿಲ್ಲ.

"ಇದು ನಿಮಗಲ್ಲ" ಅಂದರು. "ಡಾಕ್ಟರ್ ಮುಂದೆ ಅವಳೇ ಓದ್ಲಿ. ನೀವು ಬಾಯ್ಮುಚ್ಕೊಂಡ್ ಕೂತಿರಿ."

ಅವಳೇ ಓದಿದಳು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ದೊಡ್ಡ ಗಡ್ಡೆ ಗೋಡೆಯಲ್ಲಿ ಅದರ ಪಾಡಿಗಿದೆ. ಒಳಕ್ಕೆ ಚಾಚಿಕೊಂಡ ಸಣ್ಣದೇ ಇಷ್ಟೆಲ್ಲ ಮಾಡುತ್ತಿದೆ. ಅದಿರುವಾಗ ಲೂಪ್ ಸರಿಯಾಗಿ ಕೂರಲಿಕ್ಕಿಲ್ಲ. ಹೊಟ್ಟೆ ಕೊಯ್ಯದೆ, ಕೆಳಗಿನಿಂದ ಕ್ಯಾಮೆರಾ ಹಾಕಿ ಅದೊಂದನ್ನು ತೆಗೆಯಬಹುದು, ಆದರೆ ಮತ್ತೆ ಬರುವುದೇ ಇಲ್ಲ ಅನ್ನಲಾಗದು. ಗರ್ಭಕೋಶವನ್ನೇ ತೆಗೆದರೆ ಮುಟ್ಟು ಪೂರ್ತಿ ನಿಲ್ಲುತ್ತದೆ, ಆದರೆ ಅದು ದೊಡ್ಡ ಆಪರೇಷನ್, ಸುಧಾರಿಸಿಕೊಳ್ಳಲು ವಾರಗಟ್ಟಲೆ ಬೇಕು. ಇಷ್ಟು ಹೇಳಿ ಡಾಕ್ಟರಮ್ಮ ರೂಢಿಯಂತೆ ನನ್ನ ಮುಖ ನೋಡಿದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಹೆಂಡತಿಯ ಕಡೆ ತಿರುಗಿ, "ನಿಂಗೇನ್ ಬೇಕು, ಹೇಳು" ಅಂದೆ.

ಅವಳು ರಟ್ಟನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. "ಆ ಸಣ್ಣ ಗಡ್ಡೆ ಮಾತ್ರ ತೆಗೀರಿ. ಮತ್ತೆ ಬಂದ್ರೆ ಆಗ ನೋಡೋಣ" ಅಂದಳು.

ಹಾಗೇ ಆಯಿತು. ಮಾರನೇ ದಿನ ಮನೆಗೆ ಬಂದಳು. ಮೂರು ನಾಲ್ಕು ತಿಂಗಳಲ್ಲಿ ಮುಖಕ್ಕೆ ಬಣ್ಣ ಬಂತು, ಸ್ಟೂಲಿನ ಮೇಲಿನ ಲುಂಗಿ ನನ್ನ ಅಂಗಡಿಯ ಗ್ರೀಸ್ ಒರೆಸುವ ಬಟ್ಟೆಯಾಯಿತು. ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅವರ ಅಂಗಡಿಯ ಫ್ಯಾನು ಕಿರುಗುಟ್ಟುತ್ತಿತ್ತು, ಅವರು ಕೇಳದೆಯೇ ಬಿಚ್ಚಿಕೊಂಡು ಬಂದು ಸರಿಮಾಡಿ ಹಾಕಿದೆ. ನನಗೆ ಬರುತ್ತಿದ್ದದ್ದು ಅಷ್ಟೇ.

ಆಮೇಲೆ ಆ ಕಟ್ಟಡ ಕೆಡವಿದರು. ಅಕ್ಕ ಬನಶಂಕರಿಯಲ್ಲಿದ್ದ ಮಗಳ ಮನೆಗೆ ಹೋದರು. ಹೋಗಿ ನೋಡಿಕೊಂಡು ಬರಬೇಕು ಅಂದುಕೊಳ್ಳುತ್ತಲೇ ವರ್ಷಗಳು ಹೋದವು. ಹೋದ ವರ್ಷ ತೀರಿಕೊಂಡರಂತೆ. ಬೇಕರಿಯವರು ನಮಗೆ ಹೇಳುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಮೊನ್ನೆ ಸಂಜೆ ಹೆಂಡತಿಯ ಹತ್ತಿರ, ಅಕ್ಕನ ನೆನಪಾಯಿತು ಅಂದೆ. ಅವಳು ಬ್ಲೌಸಿಗೆ ಹುಕ್ಸ್ ಹಾಕುತ್ತಿದ್ದಳು. ದಾರ ಕಡಿದು, "ನನ್ ಮೈ ವಿಷ್ಯಾನ ನನ್ನೇ ಕೇಳ್ಬೇಕು ಅಂತ ಅನ್ಸಿದ್ದು ಅವರೊಬ್ರಿಗೇ" ಅಂದಳು.

"ನಾನೂ ಕೇಳಿದ್ನಲ್ಲ."

"ಕೇಳಿದ್ರಿ. ಅವ್ರು ಹೇಳಿದ್ಮೇಲೆ."

ಮಾತು ಸರಿಯಾಗಿತ್ತು. ಅಕ್ಕ ಇದ್ದಾಗಲೇ ಅವರ ಎದುರು ನಿಂತು ಇದನ್ನು ಒಪ್ಪಿಕೊಳ್ಳಬಹುದಿತ್ತು...