ನೀರಿನ ಪದ

ಪಾಮನಕಲ್ಲೂರಿನ ಗಿಡ್ಡಪ್ಪನಿಗೆ ಹೆಸರು ಮಾತ್ರ ಗಿಡ್ಡ. ಆಳು ಯಾವ ಮನೆಗೆ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸಲೇಬೇಕು. ವರ್ಷವೆಲ್ಲ ಮಂದಿಯ ಹೊಲದಲ್ಲಿ ತೊಗರಿ ಕೊಯ್ದು, ಹತ್ತಿ ಬಿಡಿಸಿ ಬದುಕುವವನು ಮೊಹರಂ ಬಂತೆಂದರೆ ದೊರೆ. ಬೆಂಕಿ ಹಾಕಿ ಸುತ್ತ ಕುಣಿಯುವ ಅಲಾಯಿ ಕುಣಿಯ ಮುಂದೆ ನಿಂತು, ಕಿವಿಗೆ ಕೈ ಹಚ್ಚಿ, ಕರ್ಬಲಾ ಕಾಳಗದ ರಿವಾಯತ್ ಪದ ಎತ್ತಿದನೆಂದರೆ ಲಿಂಗಸುಗೂರಿನಿಂದ ಬಂದವರೂ ಬಸ್ಸಿನ ಹೊತ್ತು ಮರೆಯುತ್ತಿದ್ದರು. ಓದು ಬರಹ ಬಾರದು. ಕೇಳಿದ್ದನ್ನು ಪದ ಕಟ್ಟುವುದು ಬರುತ್ತದೆ. ಅವನ ಹಿಂದೆ ನಿಂತು ದನಿಗೂಡಿಸುವವನು ನಾನು, ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ.

ಅವನಿಗೆ ಪದ ಕಲಿಸಿದವರು ಖಾಜಾಸಾಬ್. ಈಗ ಅವರಿಲ್ಲ. ಕುದುರೆ ಎಷ್ಟು ಬೇಕಾದರೂ ಕುಣಿಸು, ಕತ್ತಿ ಎಷ್ಟು ಬೇಕಾದರೂ ಮಿಂಚಿಸು, ಆದರೆ ಸತ್ತವರ ನೀರಡಿಕೆಯನ್ನು ಮಾತ್ರ ಮುಚ್ಚಿಡಬೇಡ ಎನ್ನುತ್ತಿದ್ದರು. ಕರ್ಬಲಾದಲ್ಲಿ ಗುಟುಕು ನೀರು ಸಿಗದೆ ಸತ್ತವರ ನೆನಪಿಗೇ ಅಲ್ಲವೇ ನಾವು ಮೊಹರಂನ ಹತ್ತನೆಯ ದಿನ ಊರಿಗೆಲ್ಲ ಶರಬತ್ತು ಹಂಚುವುದು? ಆ ನೀರಡಿಕೆಯ ಮೇಲೆ ಅವರು ಕಟ್ಟಿದ್ದೇ ನೀರಿನ ಪದ.

ಗಿಡ್ಡಪ್ಪನಿಗೆ ಮಕ್ಕಳಿಲ್ಲ. ತಂಗಿ ಮಾರೆಮ್ಮನ ಗಂಡ ಬೇಗ ತೀರಿಕೊಂಡ ಮೇಲೆ ಅವಳ ಒಬ್ಬನೇ ಮಗ ವೀರೇಶನನ್ನು ಸಾಕಿದವನು ಇವನೇ. ಹುಡುಗ ಮಾವನ ಹೆಗಲ ಮೇಲೆ ಕೂತು ಅಲಾಯಿ ಕುಣಿತ ನೋಡುವಾಗ ಗಳಿಗೆಗೊಮ್ಮೆ ನೀರು ನೀರು ಎಂದು ಗೋಳು ಹೊಯ್ದುಕೊಳ್ಳುತ್ತಿದ್ದ. ನಾವು ಅವನನ್ನು ಕರೆಯುತ್ತಿದ್ದದ್ದೇ ನೀರಗಡಗಿ, ನೀರಿನ ಮಡಕೆ, ಎಂದು. ಆ ನೀರಗಡಗಿ ಬೆಳೆದು, ಓಟದಲ್ಲಿ ಗೆದ್ದು, ಸೈನ್ಯಕ್ಕೆ ಸೇರಿದ. ರಜೆಗೆ ಬಂದಾಗಲೂ ಬಗಲಲ್ಲಿ ನೀರಿನ ಬಾಟಲಿ ಇದ್ದೇ ಇರುತ್ತಿತ್ತು.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಗುಂಡು ಹಾರತೊಡಗಿದವು. ಇಲ್ಲಿ ಚಹಾದಂಗಡಿಯ ಟೀವಿಯಲ್ಲಿ ಯುದ್ಧವೋ ಯುದ್ಧ. ಸೈರನ್ ಹಾಕಿಕೊಂಡು ಕೂಗುವುದೇನು, ಭೂಪಟದ ಮೇಲೆ ಬೆಂಕಿ ಹಚ್ಚುವುದೇನು! ಸಂಜೆಗೆ ಒಂದು ಪಟ್ಟಣ ಗೆದ್ದೆವು ಎಂದರು, ನಾವು ಚಪ್ಪಾಳೆ ತಟ್ಟಿದೆವು. ಮರುದಿನ ಆ ಪಟ್ಟಣದ ಸುದ್ದಿಯೇ ಇಲ್ಲ, ನಾವೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಮಾರೆಮ್ಮ ಮಾತ್ರ ಅಂಗಡಿಯ ಹೊರಗೆ ಕಂಬಕ್ಕೆ ಒರಗಿ ನಿಂತು, ಮಗನ ಮುಖ ಎಲ್ಲಿಯಾದರೂ ಕಂಡೀತೇ ಎಂದು ನೋಡುತ್ತಿದ್ದಳು.

ಮಗ ಪೆಟ್ಟಿಗೆಯಲ್ಲಿ ಬಂದ. ಪೆಟ್ಟಿಗೆ ತೆರೆಯುವುದು ಬೇಡ ಎಂದರು. ಮಣ್ಣು ಮಾಡಿ ಇನ್ನೂ ಕೈ ತೊಳೆದಿರಲಿಲ್ಲ, ಟೀವಿಯವರು ಬಂದು ಮಾರೆಮ್ಮನ ಬಾಯಿಗೆ ಮೈಕು ಹಿಡಿದು, ಹೆಮ್ಮೆ ಅನಿಸುತ್ತದೆಯೇ ಎಂದು ಕೇಳಿದರು. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವುದೆಂದರೆ ಇದೇ. ಅವಳು ಮೈಕನ್ನು ಪಕ್ಕಕ್ಕೆ ಸರಿಸಿದಳು. ಆ ರಾತ್ರಿ ಅವರೇ ಎಲ್ಲ ಹೇಳಿದರು. ಮಸ್ಕಿ ಸೀಮೆಯ ಹುಲಿ ಒಬ್ಬನೇ ವೈರಿಗಳ ಚೌಕಿಗೆ ನುಗ್ಗಿದನಂತೆ, ಸಿಕ್ಕವರನ್ನೆಲ್ಲ ಹೊಡೆದುರುಳಿಸಿದನಂತೆ, ಕೊನೆಗೆ ಎದೆಗೆ ಒಂದೇ ಗುಂಡು ತಗುಲಿ ನಗುನಗುತ್ತಾ ಪ್ರಾಣ ಬಿಟ್ಟನಂತೆ.

ಅಷ್ಟೆಲ್ಲದರಲ್ಲಿ ಮಾರೆಮ್ಮ ಹಿಡಿದುಕೊಂಡದ್ದು ಒಂದೇ ಮಾತು. "ಒಂದs ಗುಂಡಂತ ಅಣ್ಣಾ. ನನ್ನ ಮಗಗ ಗೊತ್ತs ಆಗ್ಲಿಲ್ಲಂತ." ಅನ್ನ ಸೇರದಿದ್ದಾಗ ಅದನ್ನೇ ಹೇಳಿಕೊಂಡು ಎರಡು ತುತ್ತು ಉಣ್ಣುತ್ತಿದ್ದಳು. ಅವನ ಮೇಲೊಂದು ಪದ ಕಟ್ಟು ಎಂದು ಅಣ್ಣನನ್ನು ಕೇಳಿದವಳೂ ಅವಳೇ. ಗಿಡ್ಡಪ್ಪ ಟೀವಿಯಲ್ಲಿ ಕೇಳಿದ್ದನ್ನೇ ಕಟ್ಟಿದ. 'ಒಂದೇ ಗುಂಡಿಗೆ ನಗುತ ನಡೆದನೋ ನಮ್ಮ ಹುಲಿಯಣ್ಣಾ' ಎಂಬ ಆ ಪದ ಫೋನಿನಿಂದ ಫೋನಿಗೆ ಹಾರಿ ಸಿಂಧನೂರು ದಾಟಿತು.

ಮೊಹರಂ ಇನ್ನೇನು ಬಂತು ಎನ್ನುವಾಗ ಆಸೀಫ್ ರಜೆಗೆ ಬಂದ. ಗುರುಗುಂಟಾದ ಹುಡುಗ, ಸೈನ್ಯದಲ್ಲಿ ವೀರೇಶನ ಜೊತೆಗೇ ಇದ್ದವನು. ಮಾರೆಮ್ಮನನ್ನು ಕಾಣಲು ಹೊರಟವನನ್ನು ನಾವು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ಚಹಾಕ್ಕೆ ಕೂರಿಸಿದೆವು. ಕೊನೆಗೆ ಅವನು ಏನೆಂದ ಹೇಳು, ಪದಕ್ಕೆ ಇನ್ನೊಂದು ನುಡಿ ಸೇರಿಸುತ್ತೇನೆ ಎಂದ ಗಿಡ್ಡಪ್ಪ. ಆಸೀಫ್ ಕಪ್ಪನ್ನು ಕೆಳಗಿಟ್ಟ.

"ಮಾಮಾ, ಆ ಟೀವ್ಯಾಗ ಬಂದಿದ್ದು ಯಾರ ಕಥಿನೋ ನನಗ ಗೊತ್ತಿಲ್ಲ. ನಾವು ಯಾವ ಚೌಕಿಗೂ ನುಗ್ಗಿಲ್ಲ. ನಮ್ಮ ತಗ್ಗಿನ್ಯಾಗ ನಾವು ಕುಂತಿದ್ವಿ."

ಆಮೇಲೆ ಅವನು ಹೇಳಿದ್ದನ್ನು ನಾನು ಚಿಕ್ಕದಾಗಿ ಹೇಳುತ್ತೇನೆ, ಉದ್ದ ಹೇಳಲು ನನ್ನಿಂದ ಆಗದು. ಮುಂಜಾನೆ ಒಂದು ಶೆಲ್ಲು ಬಂದು ಬಿತ್ತು. ವೀರೇಶನ ತೊಡೆ ಹರಿಯಿತು. ಶೆಲ್ಲು ನಿಲ್ಲಲಿಲ್ಲ, ಹತ್ತಿರ ಹೋಗಲು ಯಾರಿಗೂ ಆಗಲಿಲ್ಲ. ಸಂಜೆಯವರೆಗೆ ಜೀವ ಹಿಡಿದಿದ್ದ. ಅವ್ವಾ ಎನ್ನಲಿಲ್ಲ, ದೇಶ ಎನ್ನಲಿಲ್ಲ, ನೀರು ಎಂದ. ಆಸೀಫ್ ತನ್ನ ತಗ್ಗಿನಿಂದ ಬಾಟಲಿ ಎಸೆದ. ಅದು ಅವನ ಕೈಗೆ ಎಟುಕದಷ್ಟು ಈಚೆಗೆ ಬಿತ್ತು. ಸಾಯುವವರೆಗೂ ಅವನು ಅದನ್ನೇ ನೋಡುತ್ತಿದ್ದನಂತೆ.

ಗಿಡ್ಡಪ್ಪ ಹುಡುಗನ ಎರಡೂ ಕೈ ಹಿಡಿದುಕೊಂಡ. "ನಮ್ಮ ಮಾರೆವ್ವಗ ಇದನ್ನ ಹೇಳಬ್ಯಾಡಪಾ. ಆಕಿ ಒಂದು ಗುಂಡಿನ ಮ್ಯಾಲ ಬದುಕ್ಯಾಳ." ಆಸೀಫ್ ಆಣೆ ಇಟ್ಟು, ಒಬ್ಬನೇ ಅವಳ ಮನೆಗೆ ಹೋಗಿ ಬಂದ. ಏನೂ ಹೇಳಲಿಲ್ಲ ಮಾಮಾ ಎಂದು ಫೋನು ಮಾಡಿ ತಿಳಿಸಿದ.

ಅಂದಿನಿಂದ ಗಿಡ್ಡಪ್ಪನ ಗಂಟಲು ಹೋಯಿತು. ತಾಲೀಮಿಗೆ ಕೂತರೆ ಹುಲಿಯ ಪದದಲ್ಲಿ ಒಂದೇ ಗುಂಡಿನ ಜಾಗಕ್ಕೆ ಬಂದು ನಿಲ್ಲುವನು. ಹಾಡಿದರೆ ಅಳಿಯನ ನೀರಡಿಕೆಯನ್ನು ತಾನೇ ಮುಚ್ಚಿಟ್ಟಂತೆ. ಹಾಡದಿದ್ದರೆ ತಂಗಿ ಏಕೆಂದು ಕೇಳುತ್ತಾಳೆ. ನಾನು ಹೇಳಿದೆ, ಹಾಡಿಬಿಡು, ಬದುಕಿದವರು ಮುಖ್ಯ. ಅವನು ನನ್ನನ್ನು ಒಮ್ಮೆ ನೋಡಿ, ಎದ್ದು ಹೊರಗೆ ನಡೆದ.

ಹತ್ತನೆಯ ದಿನದ ಮಧ್ಯಾಹ್ನ. ಕುಣಿಯ ಸುತ್ತ ಜನವೋ ಜನ. ಮಾರೆಮ್ಮ ಆ ವರ್ಷ ತಾನೇ ಶರಬತ್ತು ಹಂಚುತ್ತೇನೆ ಎಂದು ಹಟ ಹಿಡಿದು ಕೊಡ ಹೊತ್ತು ಬಂದಿದ್ದಳು. ಕೈಗೆ ಲೋಟ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರಿಗೇ ನಿಲ್ಲುತ್ತಿದ್ದಳು. ಯಾರಾದರೂ ಅರ್ಧ ಬಿಟ್ಟರೆ ಗದರುತ್ತಿದ್ದಳು.

ಹುಡುಗರು ಫೋನು ಎತ್ತಿ ಹಿಡಿದು ಹುಲಿಯ ಪದ ಬೇಕೆಂದರು. ಗಿಡ್ಡಪ್ಪ ಕಿವಿಗೆ ಕೈ ಹಚ್ಚಿ ಶುರು ಮಾಡಿದ. ಚೌಕಿಗೆ ನುಗ್ಗಿಸಿದ, ವೈರಿಗಳನ್ನು ಉರುಳಿಸಿದ. 'ಒಂದೇ ಗುಂಡಿಗೆ' ಎನ್ನುವಲ್ಲಿ ದನಿ ಒಡೆಯಿತು. ನಾನು ಹಿಂದಿನಿಂದ ಎತ್ತಿಕೊಂಡೆ. ಅಷ್ಟರಲ್ಲಿ ಮಾರೆಮ್ಮ ಕೊಡ ಕೆಳಗಿಟ್ಟು ಬಂದು ಅಣ್ಣನ ಮುಂದೆ ನಿಂತಳು.

"ಸಾಕು ಬಿಡು ಅಣ್ಣಾ. ಖಾಜಾಸಾಬರ ನೀರಿನ ಪದ ಹಾಡು."

ಗಿಡ್ಡಪ್ಪ ಅವಳ ಮುಖ ನೋಡಿದ. ಆಸೀಫ್ ಹೇಳಿದನೇ ಎಂದು ಕೇಳಿದ.

"ಅಂವ ಏನೂ ಹೇಳ್ಲಿಲ್ಲ. ಬಿಸಲಾಗ ಬಂದಾನ ಅಂತ ತಂಬಗಿ ನೀರು ಕೊಟ್ಟೆ. ಕುಡೀಲಿಲ್ಲ. ಕೈಯಾಗ ಹಿಡಕೊಂಡು ಅತ್ತ. ಇನ್ನೇನು ಕೇಳ್ಬೇಕಿತ್ತು ನಾನು? ನಿನಗ ಗೊತ್ತಾಗಬಾರದು ಅಂತ ಸುಮ್ಮನಿದ್ದೆ. ಹೆಗಲ ಮ್ಯಾಲ ಹೊತ್ತವ ನೀನು."

ಅಣ್ಣನಿಗಾಗಿ ತಂಗಿ, ತಂಗಿಗಾಗಿ ಅಣ್ಣ, ಇಬ್ಬರೂ ಒಂದೇ ಸಂಕಟವನ್ನು ಬೇರೆ ಬೇರೆ ನುಂಗಿಕೊಂಡು ಕೂತಿದ್ದರು. ಗಿಡ್ಡಪ್ಪ ನೀರಿನ ಪದ ಹಾಡಿದ. ವೀರೇಶನ ಹೆಸರು ಎಲ್ಲೂ ಎತ್ತಲಿಲ್ಲ. ಕರ್ಬಲಾದ ಬಿಸಿಲು, ಕಣ್ಣೆದುರಿಗೇ ಹರಿಯುವ ಹೊಳೆ, ಅದಕ್ಕೆ ಎಟುಕದ ಕೈ. ನಾನು ದನಿಗೂಡಿಸಲು ಹೋಗಿ ಅತ್ತುಬಿಟ್ಟೆ. ಹುಡುಗರು ಒಬ್ಬೊಬ್ಬರಾಗಿ ಫೋನು ಕೆಳಗಿಳಿಸಿದರು, ಇದನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಇವತ್ತಿಗೂ ಫೋನಿನಲ್ಲಿರುವುದು ಹುಲಿಯ ಪದವೇ.

ಪದ ಮುಗಿದಾಗ ಮಾರೆಮ್ಮ ಲೋಟ ತುಂಬಿ ಅಣ್ಣನಿಗೆ ಕೊಟ್ಟಳು. ಅವನು ಹಿಡಿದುಕೊಂಡು ಹಾಗೇ ನಿಂತ, ಬಾಯಿಗೆ ಒಯ್ಯಲಾಗಲಿಲ್ಲ. ಅವಳು ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು, ತಾನೇ ಅವನ ತುಟಿಗೆ ಹಿಡಿದಳು.

"ನೀನಾದ್ರೂ ಕುಡಿ ಅಣ್ಣಾ," ಎಂದಳು.