ಅತ್ತಿ ಕೂಗಿದ ರೈಟ್

ನಮ್ಮತ್ತಿ, ಅಂದ್ರ ಗಂಡನ ತಾಯಿ, ಕಲಿತಿದ್ದು ಇಂಗ್ಲಿಷಿನ ಒಂದೇ ಶಬ್ದ: ರೈಟ್. ಅದೂ ಬಸ್ಸಿನ್ಯಾಗ ಕೇಳಿ ಕಲಿತದ್ದು.

ಮಾನ್ವಿ ಸಾಲ್ಯಾಗ ನಾ ಕಲಿತ ರೈಟ್ ಬ್ಯಾರೆ. ಪಾಟಿ ಮ್ಯಾಲ ಮಾಸ್ತರು ಹಾಕೋ ಗುರುತು, ಡ್ರಿಲ್ಲಿನ್ಯಾಗ ಬಲಗಾಲು, ಅಷ್ಟ. ದೇವದುರ್ಗಕ್ಕ ಸೊಸಿಯಾಗಿ ಬಂದು ನೋಡ್ತೀನಿ, ನಮ್ಮತ್ತಿ ಬಾಯಾಗ ಅದಕ್ಕ ಹೊತ್ತಿಗೊಂದು ಅರ್ಥ! ರೊಟ್ಟಿ ಉಬ್ಬಿದ್ರ ರೈಟ್. ಎಮ್ಮಿ ಒದೀದಂಗ ಹಿಂಡಿಸಿಕೊಂಡ್ರ ರೈಟ್. ನಾ ಎದುರು ಮಾತಾಡಿದ್ರ "ರೈಟ್, ನಡಿ ಒಳಗ." ನನಗ ಮೈಯೆಲ್ಲಾ ಉರೀತಿತ್ತು.

ಎಪ್ಪತ್ತರ ದಶಕದ ಕೊನೀ ಕಡೆ, ಬ್ಯಾಸಗಿ. ನನ್ನ ಎರಡು ವರ್ಷದ ಮಗಗ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಊರಿನ ಡಾಕ್ಟರು, "ಇಲ್ಲಿ ಆಗಂಗಿಲ್ಲ, ರಾಯಚೂರಿಗೆ ಒಯ್ರಿ. ದಾರ್ಯಾಗ ಹಣಿ ಮ್ಯಾಲ ಹಸಿ ಅರಿವಿ ಹಾಕ್ಕೋತ ಹೋಗ್ರಿ" ಅಂದ್ರು. ಗಂಡ ಊರಾಗ ಇದ್ದಿಲ್ಲ. ನಾನೂ ಅತ್ತೀನೂ ಒಂದು ತಂಬಿಗಿ ನೀರು ಹಿಡಕೊಂಡು ಬಸ್ ಹತ್ತಿದ್ವಿ.

ಕಾಲಿಡಾಕ ಜಾಗ ಇದ್ದಿಲ್ಲ. ಕಂಡಕ್ಟರ್ ಮುಂದ ಟಿಕೆಟ್ ಹರಕೋತ ಮಂದ್ಯಾಗ ಸಿಕ್ಕೊಂಡಿದ್ದ. ಅಂಥ ಹೊತ್ತಿನ್ಯಾಗ ನಮ್ಮ ಕಡೆ ಬಾಗಿಲಿಗೆ ಜೋತುಬಿದ್ದವರೇ ಬಸ್ಸಿನ ಮೈ ಬಡಿದು ರೈಟ್ ಅಂತಿದ್ರು, ಡ್ರೈವರ್ ಬಿಡ್ತಿದ್ದ. ಅಂದವರು ಯಾರು ಅಂತ ಕೇಳೋರ್ಯಾರು?

ದಾರ್ಯಾಗಿನ ಗಬ್ಬೂರ ಬರೋದ್ರಾಗ ತಂಬಿಗ್ಯಾಗಿನ ನೀರು ಖಾಲಿ. ಹುಡುಗನ ಮೈ ಹಂಚಿನಂಗ ಸುಡಾಕತ್ತಿತ್ತು. "ನೀ ಕುಂದ್ರು, ನಾ ತರ್ತೀನಿ" ಅಂತ ಅತ್ತಿ ಮಂದೀನ ನೂಕ್ಕೋತ ಇಳಿದ್ಲು. ಆಕಿ ನೀರಿನ ಕಡೆ ಹೋದದ್ದೇ ತಡ, ಬಾಗಿಲ್ದಾಗ ಯಾವನೋ ಧಡಧಡ ಬಡಿದ.

"ರೈಟ್!"

ಬಸ್ ಹೊಂಟೇಬಿಡ್ತು.

"ಹೋಲ್ಡಾನ್! ನಮ್ಮತ್ತಿ ಕೆಳಗ ಅದಾಳ! ನಿಮ್ಮ ಬಾಯಾಗ ಮಣ್ಣು ಹಾಕ, ನಿಲ್ಲಸ್ರೋ!" ಗಂಟಲ ಹರಿಯಂಗ ಒದರಿದೆ. ಬಸ್ ನಿಂತಿತು, ಆದ್ರ ಭಾಳ ಮುಂದ ಬಂದು. ಕಿಟಕ್ಯಾಗ ತಲಿ ಹಾಕಿ ನೋಡಿದ್ರ ಅತ್ತಿ ತಂಬಿಗಿ ಹಿಡಕೊಂಡು ಓಡಿ ಬರಾಕತ್ತಿದ್ಲು. ಮೊಣಕಾಲು ನೋವಿನ ಮುದುಕಿ, ಎಷ್ಟು ಓಡ್ಯಾಳು?

ಅಷ್ಟರಾಗ ನನ್ನ ತೊಡಿ ಮ್ಯಾಲ ಹುಡುಗ ಸೆಟೆದುಕೊಂಡ. ಕಣ್ಣು ಮ್ಯಾಲ ಸಿಕ್ಕೊಂಡ್ವು.

"ಅತ್ತೀ, ಮತ್ತ ಬಂತ್ರೀ!" ಅಂತ ಚೀರಿದೆ.

ಆಕಿ ನಡುದಾರ್ಯಾಗ ನಿಂತುಬಿಟ್ಲು. ಕೈ ಎತ್ತಿ, ಇಡೀ ಊರಿಗೆ ಕೇಳಂಗ ಕೂಗಿದ್ಲು: "ರೈಟ್! ನನ್ನ ಬಿಟ್ಟು ಹೋಗ್ರಿ ಯಪ್ಪಾ, ರೈಟ್! ರೈಟ್!"

ಡ್ರೈವರ್ ಬಿಟ್ಟ. ಅಲ್ಲೀತನಕ ತನ್ನ ನೀರು ಸೆರಗಿನಾಗ ಮುಚ್ಚಿಟ್ಟಿದ್ದ ಬಾಜೂದಾಕಿ ಈಗ ತಾನೇ ತೆಗೆದು ಹುಡುಗನ ನೆತ್ತಿಗೆ ಸುರಿದ್ಲು. ರಾಯಚೂರ ದವಾಖಾನಿ ಮುಟ್ಟೋತನಕ ನನ್ನ ಜೀವ ನನ್ನ ಕೈಯಾಗ ಇದ್ದಿಲ್ಲ.

ಅತ್ತಿ ಬಂದದ್ದು ಸಂಜಿಮುಂದ, ಹಿಂದ ಬಂದ ಬಸ್ಸಿಗೆ. ಸೀರಿ ತುಂಬ ಧೂಳು, ಕೈಯಾಗ ಅದೇ ತಂಬಿಗಿ, ಅದರಾಗ ನೀರು ಹಂಗೇ ಅದ. ಒಳಗ ಬರಾಕ ಅಂಜಿ ಬಾಗಿಲ್ದಾಗೇ ನಿಂತ್ಲು. ನನ್ನ ಮುಖಾ ನೋಡಿದ್ಲು. ಆಮ್ಯಾಲ ಹುಡುಗ ಮಲಗಿದ್ದ ಮಂಚದ ಕಡೆ ನೋಡಿದ್ಲು.

ಆಕಿ ಮುಂದ ಆ ಶಬ್ದ ನಾ ಎಂದೂ ಆಡಿದ್ದಿಲ್ಲ. ಅವತ್ತು ಆಡಿದೆ.

"ರೈಟ್ ಅದಾನ್ರೀ, ಅತ್ತೀ."

ತಂಬಿಗಿ ಹಿಡಕೊಂಡೇ ಆಕಿ ಹೊಸ್ತಿಲ ಮ್ಯಾಲ ಕುಂತು ಅಳಾಕತ್ತಿದ್ಲು.