ಮೂವತ್ತೊಂದನೇ ನಂಬರಿನ ಠಸ್ಸೆ

1943ರಲ್ಲಿ ನಾನು ಪುಣೆಯಲ್ಲಿ ಸೈನ್ಯದ ಮದ್ದುಗುಂಡು ತಪಾಸಣೆಯ ಸಹಾಯಕ ಇನ್ಸ್‌ಪೆಕ್ಟರ್ ಆಗಿದ್ದೆ. ಹಡಪಸರದ ದಾರಿಯಲ್ಲಿ ಯುದ್ಧಕ್ಕೆಂದೇ ಎಬ್ಬಿಸಿದ್ದ ತಗಡಿನ ಶೆಡ್ಡುಗಳಲ್ಲಿ ನನ್ನ ವಿಭಾಗವಿತ್ತು. ಮುಂದೆ ನಾನು ರಕ್ಷಣಾ ಇಲಾಖೆಯಲ್ಲಿ ಸಾಕಷ್ಟು ಮೇಲೆ ಏರಿದೆ. ನಿವೃತ್ತಿಯ ದಿನ ಎಲ್ಲರೂ ನನ್ನ ಖಚಿತತೆಯನ್ನು ಹೊಗಳಿದರು. ಈಗ ಹೇಳಲಿರುವ ಪ್ರಕರಣದಲ್ಲಿ ಹೆಚ್ಚಿನ ಸಂಗತಿಗಳು ನನಗೆ ಖಚಿತವಾಗಿ ಗೊತ್ತು. ಒಂದು ಮಾತ್ರ ಗೊತ್ತಿಲ್ಲ. ಉಳಿದುದೆಲ್ಲ ನಿಂತಿರುವುದು ಆ ಒಂದರ ಮೇಲೆ.

ನಮ್ಮ ಕೆಲಸ ಫ್ಯೂಸ್‌ಗಳ ತಪಾಸಣೆ. ತೋಪಿನ ಗುಂಡಿನ ತುದಿಗೆ ತಿರುಗಿಸಿ ಕೂರಿಸುವ, ಗುಂಡು ಯಾವಾಗ ಸಿಡಿಯಬೇಕೆಂದು ನಿರ್ಧರಿಸುವ ಹಿತ್ತಾಳೆಯ ಭಾಗವೇ ಫ್ಯೂಸ್. ಪರೀಕ್ಷಕ ಅದರ ಮರೆಯನ್ನು, ಅಂದರೆ ತಿರುಪಿನ ಸುತ್ತುಗಳನ್ನು, ಗೇಜೆಂಬ ಅಳತೆಯ ಉಪಕರಣಕ್ಕೆ ಹಾಕಿ ನೋಡುತ್ತಿದ್ದ. ಸರಿ ಇದ್ದರೆ ತನ್ನ ನಂಬರಿನ ಉಕ್ಕಿನ ಠಸ್ಸೆಯನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕುತ್ತಿದ್ದ. ಆ ಫ್ಯೂಸ್ ಬರ್ಮಾ ಗಡಿಗೆ ಹೋಗಲಿ, ಈಜಿಪ್ಟಿಗೆ ಹೋಗಲಿ, ಅದಕ್ಕೆ ಹೊಣೆ ಯಾರೆಂಬುದು ಅದರ ಮೈಮೇಲೇ ಇರುತ್ತಿತ್ತು. ಠಸ್ಸೆಯನ್ನು ಇನ್ನೊಬ್ಬರ ಕೈಗೆ ಕೊಡಬಾರದು, ರಜೆಗೆ ಹೋಗುವಾಗ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು ಎಂಬುದು ನಿಯಮ.

ನಡೆಯುತ್ತಿದ್ದುದು ಬೇರೆ. ಯುದ್ಧದ ಅವಸರದಲ್ಲಿ ಹಂಗಾಮಿ ಪರೀಕ್ಷಕರನ್ನು ತುಂಬಿಕೊಂಡಿದ್ದೆವು. ಹೊಸ ಠಸ್ಸೆಗೆ ಮೇಲಿನಿಂದ ಮಂಜೂರಾತಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಾಗಾಗಿ ರಜೆ ಹೋದವರ ಠಸ್ಸೆಯಿಂದ ಹಂಗಾಮಿಯವರು ಕೆಲಸ ಸಾಗಿಸುತ್ತಿದ್ದರು. ಎಲ್ಲರಿಗೂ ಇದು ಗೊತ್ತಿತ್ತು, ಎಲ್ಲಿಯೂ ಬರೆದಿರಲಿಲ್ಲ.

ಇದಕ್ಕೆ ಒಪ್ಪದವರು ಒಬ್ಬರೇ, ಮೂವತ್ತೊಂದನೇ ನಂಬರಿನ ಗುರುಪಾದಪ್ಪ ಕಮ್ಮಾರ. ಧಾರವಾಡದ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು. ಇಡೀ ಶೆಡ್ಡು ಮರಾಠಿ ಮಾತಾಡುವಾಗ ನಾವಿಬ್ಬರೇ ಕನ್ನಡ ಆಡುತ್ತಿದ್ದೆವು. ಅವರು ಪಾಸು ಮಾಡಿದ್ದನ್ನೂ ನಾನು ಮತ್ತೆ ಅಳೆದು ನೋಡುತ್ತಿದ್ದೆ. ಒಮ್ಮೆ ಅವರು ತಲೆ ಎತ್ತದೆ, “ಎಮ್ಮೆಸ್ಸಿ ಸಾಹೇಬ್ರ, ನಿಮ್ಮ ಅನುಮಾನಕ್ಕೂ ಒಂದು ಗೇಜ್ ಮಾಡಸ್ರಿ. ಎಲ್ಲಿಗೆ ನಿಲ್ಲಬೇಕಂತ ಗೊತ್ತಾಗತದ” ಎಂದಿದ್ದರು.

ಆ ಮೇ ತಿಂಗಳಲ್ಲಿ ಮಗಳ ಮದುವೆಗೆ ಅವರು ಎಂಟು ದಿನ ರಜೆ ಕೇಳಿದರು. ಆಗ ವಿಭಾಗದಲ್ಲಿ ಠಸ್ಸೆಗಳ ಕೊರತೆ ವಿಪರೀತವಾಗಿತ್ತು. ಅವರು ನನ್ನ ಮೇಜಿನ ಮುಂದೆ ನಿಂತಿದ್ದು ನೆನಪಿದೆ. ಅವರ ಮಾತು ಅಕ್ಷರಶಃ ನೆನಪಿದೆ.

“ಠಸ್ಸೆ ಬಿಟ್ಟು ಹೋಗೂದಂದ್ರ ಕೋರಾ ಕಾಗದಕ್ಕ ಸಹಿ ಹಾಕಿ ಕೊಟ್ಟಂಗರಿ.”

ಅದಕ್ಕೆ ನಾನು ಏನೆಂದೆ? ‘ಬಿಟ್ಟು ಹೋಗ್ರಿ, ನಾ ಅದೀನಿ’ ಎಂದಂತೆ ಒಮ್ಮೊಮ್ಮೆ ಅನಿಸುತ್ತದೆ. ‘ನಿಮ್ಮಿಷ್ಟ’ ಎಂದೆ ಅಂತಲೂ ಅನಿಸುತ್ತದೆ. ಏನೂ ಹೇಳದೆ ರಜೆಚೀಟಿಗೆ ಸಹಿ ಹಾಕಿರಲೂಬಹುದು. ಠಸ್ಸೆ ಮಾತ್ರ ಹಂಗಾಮಿಯವನ ಕೈಗೆ ಹೋಯಿತು.

ಎರಡು ತಿಂಗಳ ಬಳಿಕ, ತರಬೇತಿಯ ಗುಂಡುಹಾರಿಕೆಯಲ್ಲಿ ಒಂದು ಗುಂಡು ತೋಪಿನ ಬಾಯಿ ದಾಟುತ್ತಿದ್ದಂತೆ ಸಿಡಿದು, ಒಬ್ಬ ಸಿಪಾಯಿಯ ಬಲಗೈ ಹೋಯಿತು. ಅದೇ ರಾಶಿಯ ಉಳಿದ ಫ್ಯೂಸ್‌ಗಳನ್ನು ತರಿಸಿ ಅಳೆದಾಗ ನಾಲ್ಕರ ಮರೆ ಸಡಿಲವಿತ್ತು. ನಾಲ್ಕರ ಮೇಲೂ 31. ಹಂಗಾಮಿ ಪರೀಕ್ಷಕ ಅಷ್ಟರಲ್ಲಿ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದ.

ವಿಚಾರಣೆ ಒಂದೇ ಮುಂಜಾನೆ ಮುಗಿಯಿತು. ಆ ರಾಶಿಯ ತಪಾಸಣೆಯಾದ ದಿನಗಳಲ್ಲಿ ತಾನು ಮದುವೆಗೆಂದು ಊರಲ್ಲಿದ್ದೆ, ಸಾಹೇಬರು ಹೇಳಿದ್ದಕ್ಕೇ ಠಸ್ಸೆ ಬಿಟ್ಟುಹೋದೆ ಎಂದು ಗುರುಪಾದಪ್ಪ ಹೇಳಿದರು. ಇಂಗ್ಲಿಷ್ ಮೇಜರ್ ನನ್ನತ್ತ ತಿರುಗಿ, ಅಂಥ ಆದೇಶ ಕೊಟ್ಟಿದ್ದೆಯಾ ಎಂದು ಕೇಳಿದ. ನನ್ನ ಬಡ್ತಿಯ ಕಾಗದ ಅದೇ ಮೇಜರನ ಮೇಜಿನ ಮೇಲಿತ್ತು.

ನನಗೆ ನೆನಪಿಲ್ಲ ಎಂದೆ.

ಸುಳ್ಳು ಹೇಳಲಿಲ್ಲ. ಖಚಿತವಿಲ್ಲದ್ದನ್ನು ಹೇಳಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ಆದರೆ ಠಸ್ಸೆ ಕೈಬದಲಾಯಿಸುವ ರೂಢಿ ಇಡೀ ವಿಭಾಗದಲ್ಲಿತ್ತು ಎಂಬುದು ನನಗೆ ಖಚಿತವಾಗಿಯೇ ಗೊತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗುರುಪಾದಪ್ಪನವರನ್ನು ವಜಾ ಮಾಡಿ, ಸರಕಾರಿ ಕೆಲಸಕ್ಕೆ ಮತ್ತೆಲ್ಲೂ ತೆಗೆದುಕೊಳ್ಳಬಾರದೆಂದು ಬರೆದರು. ಹೊರಗೆ ಹೋಗುವಾಗ ಅವರು ನನ್ನನ್ನು ನೋಡಲಿಲ್ಲ. ಚಳಿಗಾಲಕ್ಕೆ ನನಗೆ ಬಡ್ತಿ ಬಂತು.

1947ರಲ್ಲಿ ಇಂಗ್ಲಿಷರು ಹೊರಡುವಾಗ ಹಳೆಯ ಕಡತಗಳೆಲ್ಲ ನನ್ನ ವಶಕ್ಕೆ ಬಂದವು. ಆ ವಿಚಾರಣೆಯ ಕಡತ ಹುಡುಕಿ ತೆಗೆದೆ. ನನ್ನ ಹೇಳಿಕೆ ಒಂದೇ ಸಾಲು. ಅದನ್ನು ಓದಿದ ಮೇಲೂ ಏನೂ ಹೊಸದಾಗಿ ನೆನಪಾಗಲಿಲ್ಲ.

ರಾಸ್ತಾ ಪೇಠೆಯ ಒಂದು ಮೆಟ್ಟಿಲ ಕೆಳಗಿನ ಜಾಗದಲ್ಲಿ ಗುರುಪಾದಪ್ಪ ಸ್ಟೋವು, ಬೀಗ ರಿಪೇರಿ ಮಾಡುತ್ತಿದ್ದಾರೆಂದು ತಿಳಿದು ಹೋದೆ. ಕೂರಲು ಒಂದು ಡಬ್ಬಿ ಸರಿಸಿ ಕೊಟ್ಟರು. ಮಗಳ ಕ್ಷೇಮ ಕೇಳಿದೆ. ಚೆನ್ನಾಗಿದ್ದಾಳೆ ಎಂದರು. ಆಮೇಲೆ ಬಂದ ವಿಷಯಕ್ಕೆ ಬಂದೆ.

“ಅವತ್ತು ನಾ ನಿಮಗ ಏನ್ ಹೇಳಿದ್ದೆ? ಖರೇ ಹೇಳ್ರಿ. ಹೇಳಿದ್ದೆ ಅಂತಾದ್ರ ಈಗ ಬರದು ಕೊಡ್ತೀನಿ. ಆ ಅಧಿಕಾರ ಈಗ ನನಗದ.”

ಅವರು ಕೈಯಲ್ಲಿದ್ದ ಸ್ಟೋವಿನ ಬರ್ನರನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು.

“ಮೊದಲನೇ ವರ್ಷ ಕಂಡವರಿಗೆಲ್ಲಾ ಹೇಳ್ಕೋತ ಅಡ್ಡಾಡಿದ್ನಿರಿ, ಸಾಹೇಬ್ರ ಹೇಳಿದ್ರು ಅಂತ. ಆಮ್ಯಾಲ ನಮ್ಮ ಮನಿಯಾಕಿ ಕೇಳಿದಳು, ಅಷ್ಟು ಓದಿದವ್ರು, ನಮ್ಮ ಕಡೆಯವ್ರು, ಹೇಳಿದ್ರ ಇಲ್ಲಂತಿದ್ರೇನು? ನಿಮಗ ಕೇಳಿಸಿದಂಗ ಆಗಿರಬೇಕು, ಅಂತ. ಅವತ್ತಿನಿಂದ ನನಗೂ ಗಟ್ಟಿ ಇಲ್ಲರಿ. ಗಟ್ಟಿ ಇಲ್ಲದ್ದು ನಾ ಹೆಂಗ ಬರಿಸ್ಕೊಳ್ಳಿ?”

ಒತ್ತಾಯಿಸಿದೆ. ಅವರು ಒಪ್ಪಲಿಲ್ಲ. ಇಪ್ಪತ್ತು ವರ್ಷ ಗೇಜು ಹಿಡಿದ ಕೈ ಅದು. ಸಂಶಯವಿದ್ದ ಒಂದನ್ನೂ ಅವರು ಪಾಸು ಮಾಡಿದವರಲ್ಲ.

ಆಮೇಲೆ ನನ್ನ ಇಡೀ ನೌಕರಿಯಲ್ಲಿ ಬಾಯಿಮಾತಿನ ಆದೇಶ ಕೊಡಲಿಲ್ಲ. ಚಹಾ ತರಿಸುವುದಕ್ಕೂ ಚೀಟಿ ಬರೆಯುತ್ತಾನೆ ಎಂದು ಕೈಕೆಳಗಿನವರು ನಗುತ್ತಿದ್ದರು. ಆದರೆ ಆ ಪ್ರಕರಣ ನನಗೆ ಕಲಿಸಿದ್ದು ಅದಲ್ಲ. ಮೇಲಿನವನು ‘ನೆನಪಿಲ್ಲ’ ಎಂದರೆ ಅವನನ್ನು ಪ್ರಾಮಾಣಿಕ ಎನ್ನುತ್ತಾರೆ. ಕೆಳಗಿನವನು ‘ನೆನಪಿದೆ’ ಎಂದರೆ ಸಾಕ್ಷಿ ಕೇಳುತ್ತಾರೆ. ಗುರುಪಾದಪ್ಪನವರ ಬಳಿ ಇದ್ದ ಒಂದೇ ಸಾಕ್ಷಿ ಅವರ ನೆನಪು. ನೌಕರಿಯ ಜೊತೆಗೆ ಅದನ್ನೂ ಕಿತ್ತುಕೊಂಡವನು ನಾನು. ಇಷ್ಟು ಮಾತ್ರ ನನಗೆ ಸಂಶಯವಿಲ್ಲದೆ ಗೊತ್ತು.